ಎರಡನೇ ಮಹಡಿಯ ಕಾಸಿನ ಸರ

“ಅಯ್ಯಯ್ಯೋ, ನನ್ ಕಾಸಿನ ಸರ! ಕಳ್ಳ! ಕಳ್ಳ!”

ಎದುರು ಮನೆಯ ಎರಡನೇ ಮಹಡಿಯ ಕಿಟಕಿಯಿಂದ ಶಾಂತಮಲ್ಲಮ್ಮ ಕೂಗಿದ ಕೂಗಿಗೆ ಗೋಪಾಲಸ್ವಾಮಿ ಬೆಟ್ಟದ ಆನೆಗಳೆಲ್ಲ ಕೇರಳಕ್ಕೆ ಓಡಿರಬೇಕು. ಗುಂಡ್ಲುಪೇಟೆಯ ನಮ್ಮ ಬೀದಿಯಂತೂ ಕಣ್ಣು ಮುಚ್ಚಿ ತೆಗೆಯುವುದರೊಳಗೆ ತುಂಬಿಹೋಯಿತು. ಹುರುಳಿ ಆರಿಸುತ್ತಿದ್ದ ಮೊರ ಬಿಟ್ಟು ನಾನೂ ಎದ್ದೆ.

ಕಿಟಕಿಯ ಕೆಳಗೆ ದೊರೆಸ್ವಾಮಿ ನಿಂತಿದ್ದ. ಹರವೆಯವನು. ಎತ್ತರದ ಕಿಟಕಿ ತೊಳೆಯುವುದು ಅವನ ಕೆಲಸ. ಏಣಿ ಹಾಕುವುದಿಲ್ಲ, ಹಗ್ಗ ಕಟ್ಟುವುದಿಲ್ಲ. ಉದ್ದನೆಯ ಕೋಲು, ತುದಿಯಲ್ಲಿ ಬ್ರಷ್ಷು. ಲಗೇಜ್ ಆಟೋದ ಟ್ಯಾಂಕಿನಿಂದ ಪೈಪಿನಲ್ಲಿ ನೀರು ಹತ್ತಿ ಬ್ರಷ್ಷಿನ ಬಾಯಿಂದ ಚಿಮ್ಮುತ್ತದೆ. ಪೂರ್ತಿ ಎಳೆದರೆ ಆ ಕೋಲಿನಿಂದ ಮೋಡಕ್ಕೆ ಚುಚ್ಚಿ ಮಳೆ ಬರಿಸಬಹುದು.

ಶಾಂತಮಲ್ಲಮ್ಮನ ಮಗ ನಾಗೇಂದ್ರ ಬಂದವನೇ ಅವನ ಕೊರಳಪಟ್ಟಿ ಹಿಡಿದ. ಈರುಳ್ಳಿ ಮಂಡಿ ನಾಗೇಂದ್ರ. ಕೈಯೊಂದೊಂದೂ ಮೂಟೆಯಷ್ಟಿದೆ.

“ಎಲ್ಲಿ ಕಣ್ಲಾ ಸರ? ಬ್ರಷ್ಷಿಗೆ ಸಿಕ್ಕಿಸ್ಕೊಂಡು ಎಳ್ಕೊಬುಟ್ಟಾ?”

“ದೇವ್ರಾಣೆಗೂ ಇಲ್ಲ ಕಣಣ್ಣೋ. ಕಿಟಕಿ ಮುಚ್ಚಿತ್ತು.”

“ತೆಗ್ದಿತ್ತು!” ಮೇಲಿನಿಂದ ಶಾಂತಮಲ್ಲಮ್ಮ. “ಬೆಳಗ್ಗೆಯಿಂದ ತೆಗ್ದೇ ಇತ್ತು!”

ಬೀದಿಯವರಿಗೆ ಏನೂ ಕಂಡಿರಲಿಲ್ಲ. ಬಿಸಿಲಿಗೆ ಗಾಜು ಹೊಳೆಯುತ್ತಿತ್ತು. ತೆಗೆದಿತ್ತೋ ಮುಚ್ಚಿತ್ತೋ, ಯಾರು ಆಣೆ ಇಡುತ್ತಾರೆ?

ನಾಗೇಂದ್ರ ಪೊಲೀಸಿಗೆ ಫೋನು ಮಾಡಿದ. ಅಲ್ಲಿಗೇ ಬಿಡಲಿಲ್ಲ. ಚಾಮರಾಜನಗರದ ಒಂದು ಹೊಸ ಆಸ್ಪತ್ರೆಯ ಮ್ಯಾನೇಜರು ಅವನಿಗೆ ಪರಿಚಯ. ಅಲ್ಲಿ ಗಾಜು ತೊಳೆಯುವ ಕೆಲಸ ಮರುದಿನದಿಂದ ದೊರೆಸ್ವಾಮಿಯದಾಗಬೇಕಿತ್ತು. “ಅವ್ನು ಕಳ್ಳ, ಸೇರಿಸ್ಬೇಡಿ ಸಾರ್,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ದೊರೆಸ್ವಾಮಿಯ ಮುಖ ಸುಣ್ಣವಾಯಿತು. “ವರ್ಷದಿಂದ ಕಾದಿದ್ದ ಕೆಲ್ಸ ಕಣಜ್ಜಿ,” ಎಂದ ನನಗೆ. ಅಷ್ಟೇ. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

*

ಸಬ್‌ಇನ್‌ಸ್ಪೆಕ್ಟರ್ ಸುಧಾಮಣಿ ಬಂದರು. ಸಣ್ಣ ಹೆಣ್ಣುಮಗಳು. ಆದರೆ ನೋಟಕ್ಕೆ ಕಬ್ಬಿಣ ಕರಗುತ್ತದೆ.

ಮೊದಲು ಬ್ರಷ್ಷು ಕೊಡವಿಸಿದರು. ಏನೂ ಇಲ್ಲ. ಟ್ಯಾಂಕು ನೋಡಿದರು. ನೀರು. ದೊರೆಸ್ವಾಮಿಯ ಜೇಬು ತೆಗೆಸಿದರು. ಒಂದು ಬೀಡಿಯೂ ಇಲ್ಲ, ಪಾಪ.

“ಮಂಗ ಎತ್ಕೊಂಡು ಹೋಗಿರ್ಬೇಕು,” ಎಂದ ಯಾರೋ. ಬಂಡೀಪುರ ಪಕ್ಕದಲ್ಲೇ ಇದೆ. ನಮ್ಮೂರ ಮಂಗಗಳು ಅಂಗಡಿಗೆ ಹೋಗಿ ಚೌಕಾಸಿ ಮಾಡುವುದೊಂದು ಬಾಕಿ.

ಸುಧಾಮಣಿ ಮಹಡಿ ಹತ್ತಿದರು. ಹಿಂದೆ ನಾನು. ನನ್ನನ್ನು ಯಾರೂ ಕರೆದಿರಲಿಲ್ಲ.

“ಮಂಗ ಅಲ್ಲ,” ಎಂದರು ಕಿಟಕಿ ನೋಡಿ. “ಈಗಷ್ಟೇ ತೊಳೆದ ಗಾಜು. ಒಂದು ಕೈಗುರುತೂ ಇಲ್ಲ.”

ಸರಿಸಿ ತೆಗೆಯುವ ದೊಡ್ಡ ಗಾಜು. ಕಂಬಿಯಿಲ್ಲ, ಜಾಲರಿಯಿಲ್ಲ. ಒಳಗಡೆ ಕಿಟಕಿಯ ಕಟ್ಟೆಯ ಮೇಲೆ ಒಂದು ಹಿತ್ತಾಳೆ ತಟ್ಟೆ. ತಟ್ಟೆಯ ತುಂಬ ಹತ್ತಿಯ ಹೂಬತ್ತಿ. ಶಾಂತಮಲ್ಲಮ್ಮನ ಬೆರಳಲ್ಲಿ ಇನ್ನೂ ವಿಭೂತಿ ಮೆತ್ತಿತ್ತು. ಬತ್ತಿ ಹೊಸೆಯುವಾಗ ಹತ್ತಿ ಜಾರದಿರಲೆಂದು ನಾವು ಮುಟ್ಟಿಕೊಳ್ಳುವುದು ಅದನ್ನೇ. ಪಕ್ಕದ ಮಂಚದ ಮೇಲೆ ಅವಳ ರೇಷ್ಮೆ ಸೀರೆ ಹರಡಿತ್ತು.

“ಸರ ಎಲ್ಲಿಟ್ಟಿದ್ರಿ?”

“ತಟ್ಟೆ ಮಗ್ಗುಲಲ್ಲೇ ಕಣವ್ವಾ. ಸ್ನಾನಕ್ ಹೋದೆ. ಬಂದು ನೋಡ್ತೀನಿ, ಇಲ್ಲ.”

“ತಟ್ಟೆ ಆಗಲೂ ಇಲ್ಲೇ ಇತ್ತಾ?”

“ಹೂಂ, ಕದಲ್ಸೇ ಇಲ್ಲ.”

“ಕಟ್ಟೆ ಒಣಗಿದೆಯಲ್ಲ? ಕಿಟಕಿ ತೆಗೆದಿದ್ರೆ ನೀರು ಬಿದ್ದಿರಬೇಕು.”

“ನಾಕು ಹನಿ ಬಿದ್ದಿತ್ತು. ಒರಸ್ಬುಟ್ಟೆ.”

ಕೆಳಗಿಳಿದೆವು. ಹಜಾರದಲ್ಲಿ ಅಕ್ಕಸಾಲಿಯೊಬ್ಬ ಕಾಫಿ ಕುಡಿಯುತ್ತ ಕೂತಿದ್ದ. ಇವನೇಕೆ ಬಂದ ಎಂದು ಸುಧಾಮಣಿ ಕೇಳಿದರು. ಅಕ್ಕಸಾಲಿಯೇ ಹೇಳಿದ: ಅಮ್ಮನವರ ಹಳೇ ಸರ ಕರಗಿಸಿ ನಾಗೇಂದ್ರಣ್ಣನಿಗೆ ಕಡಗ ಮಾಡಬೇಕು, ಇವತ್ತು ಕೊಡುತ್ತೇನೆ ಅಂದಿದ್ದರು.

ಸುಧಾಮಣಿ ನಾಗೇಂದ್ರನನ್ನು ಮೇಲಿಂದ ಕೆಳಕ್ಕೆ ನೋಡಿದರು.

“ನಮ್ಮವ್ವನ ಸರ ನಾನೇ ಕದೀತೀನಾ ಮೇಡಂ? ಕೇಳುದ್ರೆ ಕೊಡ್ತಿದ್ರು!”

“ಕೇಳಿದ್ರಾ?”



*

ನಾನು ಸುಧಾಮಣಿಯ ಕಿವಿಯ ಹತ್ತಿರ ಹೋದೆ. “ನಾಕು ಹನಿಯಂತೆ! ಆ ಕೋಲಿನ ನೀರಲ್ಲಿ ಎಮ್ಮೆ ತೊಳಿಬೋದು. ಕಿಟಕಿ ತೆಗ್ದಿಟ್ಟು ಇನ್ನೊಂದ್ಸಲ ತೊಳ್ಸಿ ನೋಡನ ಬುಡಿ ಮೇಡಮ್ಮೋರೆ.”

ಅವರು ನಕ್ಕರು. “ಅಜ್ಜಿ, ನನ್ನ ಮನಸ್ಸಲ್ಲಿದ್ದಿದ್ದನ್ನೇ ಅಂದ್ರಿ.”

ನಾಗೇಂದ್ರನನ್ನೂ ಕರೆದುಕೊಂಡು ಮತ್ತೆ ಮಹಡಿ ಹತ್ತಿ ಕಿಟಕಿ ಪೂರ್ತಿ ಸರಿಸಿಟ್ಟರು. ತಟ್ಟೆ ಇದ್ದಲ್ಲೇ ಇತ್ತು. ಸೀರೆ ಇದ್ದಲ್ಲೇ ಇತ್ತು. ಶಾಂತಮಲ್ಲಮ್ಮ ಮಂಚದ ತುದಿಯಲ್ಲಿ ಕೂತಿದ್ದಳು. ಸುಧಾಮಣಿ ಬಗ್ಗಿ ಕೂಗಿದರು.

“ದೊರೆಸ್ವಾಮಿ, ಬೆಳಗ್ಗೆ ಹೇಗೆ ತೊಳೆದ್ಯೋ ಹಾಗೇ ತೊಳಿ!”

ಕೆಳಗೆ ಪಂಪು ಗುರ್ರೆಂದಿತು. ಬ್ರಷ್ಷು ಮೇಲೇರಿ ಬಂತು. ಬಂತು ನೋಡಿ ನೀರು! ಕಬಿನಿ ಡ್ಯಾಮಿನ ಗೇಟೇ ಎತ್ತಿದ ಹಾಗೆ. ಮೊದಲ ಏಟಿಗೆ ನಾಗೇಂದ್ರನ ಬಿಳಿ ಶರ್ಟು ಮೈಗೆ ಅಂಟಿತು. ಎರಡನೆಯದು ನನ್ನ ಮುಖಕ್ಕೆ. ಮೂರನೆಯದು ಮಂಚಕ್ಕೆ, ರೇಷ್ಮೆ ಸೀರೆ ತೊಯ್ದು ಮುದ್ದೆಯಾಯಿತು.

ಶಾಂತಮಲ್ಲಮ್ಮ ಸೀರೆಯ ಕಡೆ ತಿರುಗಿಯೂ ನೋಡಲಿಲ್ಲ. ಮೊದಲ ಹನಿಗೇ ಹಾರಿ ಬತ್ತಿಯ ತಟ್ಟೆಯನ್ನು ಎದೆಗೆ ಅವಚಿಕೊಂಡಿದ್ದಳು. ಮಂಡಿನೋವು ಎಂದು ಎರಡು ವರ್ಷದಿಂದ ನನ್ನ ತಲೆ ತಿಂದವಳು! ಹಾರಿದ ರಭಸಕ್ಕೆ ಒಂದು ಬತ್ತಿ ನೆಲಕ್ಕೆ ಬಿತ್ತು.

ಠಣ್!

ಹತ್ತಿ ಠಣ್ ಅನ್ನುವುದನ್ನು ನಾನು ಅದೇ ಮೊದಲು ಕೇಳಿದ್ದು.

ಸುಧಾಮಣಿ ಅದನ್ನೆತ್ತಿ ಹತ್ತಿ ಬಿಡಿಸಿದರು. ಒಳಗೆ ಚಿನ್ನದ ಕಾಸು.

*

“ಕಿಟಕಿ ತೆಗೆದಿದ್ರೆ ಈ ಹತ್ತಿ ಬೆಳಗ್ಗೆಯೇ ನೆನೆದು ಚಪ್ಪಟೆಯಾಗಿರಬೇಕಿತ್ತು,” ಎಂದರು ಸುಧಾಮಣಿ. “ನಾನು ನೋಡಿದಾಗ ಉಬ್ಬಿಕೊಂಡೇ ಇತ್ತು. ಅಂದ್ರೆ ದೊರೆಸ್ವಾಮಿ ತೊಳೆದಾಗ ಕಿಟಕಿ ಮುಚ್ಚಿತ್ತು. ಆಮೇಲೆ ತೆಗೆದು ಕೂಗಿದೋರು ನೀವು. ಯಾಕೆ ಸುಳ್ಳು ಅನ್ನೋದು ಅಕ್ಕಸಾಲಿ ಬಾಯಲ್ಲಿ ಗೊತ್ತಾಯ್ತು. ಎಲ್ಲಿ ಅನ್ನೋದನ್ನ ನೀವೇ ತೋರಿಸಿದ್ರಿ. ಹತ್ತಿ ನೆನೆದ್ರೆ ಅಂಟ್ಕೊಳ್ಳುತ್ತೆ, ಒಳಗಿನ ಹಳದಿ ಕಾಣುತ್ತೆ. ಅದಕ್ಕೇ ಸೀರೆ ಬಿಟ್ಟು ಬತ್ತಿ ಹಿಡ್ಕೊಂಡ್ರಿ.”

ಶಾಂತಮಲ್ಲಮ್ಮ ತಟ್ಟೆ ಬಿಡಲಿಲ್ಲ. “ಅರಿಶ್ನ ಬೆಳ್ದ್ ವರ್ಷವೆಲ್ಲ ನಮ್ ಯಜಮಾನ್ರು ಒಂದೊಂದು ಕಾಸು ತಂದು ದಾರಕ್ಕೆ ಪೋಣಿಸ್ತಿದ್ರು ಕಣವ್ವಾ. ಅವ್ರ ಕೈ ಮುಟ್ಟಿದ್ದು ಅಂತ ಇನ್ನೇನದೆ ನಂಗೆ? ಕರಗಿಸ್ಬೇಡ ಕಣ್ಲಾ ಅಂತ ಎಷ್ಟ್ ಸಲ ಯೋಳ್ದೆ! ಇವ್ನು ಕಿವಿಗೇ ಆಕ್ಕೊಳ್ನಿಲ್ಲ. ಕಳುವಾಯ್ತು ಅಂದ್ರೆ ಸುಮ್ನಾಯ್ತಾನೆ ಅನ್ಕೊಂಡೆ. ದಾರ ಕತ್ರಿಸಿ ಬತ್ತಿಯೊಳಕ್ ಸೇರಿಸ್ದೆ.”

“ಅದಕ್ಕೆ ಆ ದೊರೆಸ್ವಾಮಿನೇ ಬೇಕಿತ್ತಾ ಮಲ್ಲಕ್ಕ?” ಎಂದೆ ನಾನು. ತಮಾಷೆಗಲ್ಲ.

“ಕಿಟಕಿಯಾಚೆ ಕೋಲು ಕಾಣ್ತು. ಬಾಯಿಗ್ ಬಂದ್ಬುಡ್ತು.” ಅವಳ ಕಣ್ಣು ತುಂಬಿತು. “ಅವ್ನ ಮುಖ ನೋಡ್ನಿಲ್ಲ ಕಣಮ್ಮಿ. ಕೋಲೊಂದೇ ನೋಡ್ದೆ.”

ಎಲ್ಲರೂ ಕೆಳಗಿಳಿದೆವು. ನಾಗೇಂದ್ರ ಒದ್ದೆ ಶರ್ಟಿನಲ್ಲೇ ಅಕ್ಕಸಾಲಿಯನ್ನು ಕಳಿಸಿದ. ಆಮೇಲೆ ಆಸ್ಪತ್ರೆಯ ಮ್ಯಾನೇಜರಿಗೆ ಫೋನು ಮಾಡಿದ. ಆಗ ಕಳ್ಳ ಅಂದ್ರಿ, ಈಗ ಅಲ್ಲ ಅಂತೀರಿ, ಯಾವುದನ್ನ ನಂಬಲಿ ಎಂದು ಅವರು ಫೋನು ಇಟ್ಟುಬಿಟ್ಟರು.

“ದೂರು ಇನ್ನೂ ಬರೆಸಿಲ್ಲ, ಅದಕ್ಕೆ ಬಿಡ್ತಿದ್ದೀನಿ,” ಎಂದರು ಸುಧಾಮಣಿ. “ಆದ್ರೆ ಅವನ ಕೆಲ್ಸ ಹೋದ್ರೆ?”

ಶಾಂತಮಲ್ಲಮ್ಮ ಬೀದಿಗೆ ಇಳಿದಳು. “ನಾನೇ ಓಗಿ ಯೋಳ್ತೀನಿ. ನಡೀಲಾ ದೊರೆಸ್ವಾಮಿ, ಆಟೋ ತೆಗಿ.”

“ಕಾರು ತೆಗೀತೀನಿ ಕಣವ್ವಾ,” ಎಂದ ನಾಗೇಂದ್ರ.

“ನಿನ್ ಕಾರು ನೀನೇ ಇಟ್ಕೋ.”

*

ಮುಂದೆ ಡ್ರೈವರ್ ಪಕ್ಕ ಒಬ್ಬರಿಗೆ ಜಾಗ. ಶಾಂತಮಲ್ಲಮ್ಮನೂ ನಾನೂ ಇಬ್ಬರೂ ತುರುಕಿಕೊಂಡೆವು. ಬೇಗೂರಿನ ಉಪ್ಪಿನಕಾಯಿ ಜಾಡಿಯೂ ಅಷ್ಟು ಬಿಗಿಯಾಗಿರುವುದಿಲ್ಲ. ಹಾಗೇ ಚಾಮರಾಜನಗರ ಮುಟ್ಟಿದೆವು.

ಆಸ್ಪತ್ರೆಯ ಗೇಟಿನಲ್ಲಿ ಕಾವಲಿನವನು ತಡೆದ. ಮ್ಯಾನೇಜರ್ ಹೊರಗೆ ಬಂದರು.

“ಇವ್ನು ಕಳ್ಳ ಅಲ್ಲ ಕಣಪ್ಪಾ,” ಎಂದಳು ಶಾಂತಮಲ್ಲಮ್ಮ, ಸೀಟಿನಿಂದಲೇ. “ಸುಳ್ಳೇಳ್ದೋಳು ನಾನು. ಇವ್ನ ಮುಖಕ್ಕೆ ಮಸಿ ಬಳ್ದೋಳು ನಾನು. ಬೇಕಾದ್ರೆ ನನ್ನ ಫೋಟೋ ತೆಗ್ದು ಗೇಟಿಗೆ ಅಂಟ್ಸು, ಒಳಕ್ ಬುಡ್ಬೇಡ. ಇವ್ನ ಬುಡು.”

ಮ್ಯಾನೇಜರು ನನ್ನನ್ನು ನೋಡಿದರು. “ನೀವ್ಯಾರಮ್ಮ?”

“ಸಾಕ್ಷಿ,” ಎಂದೆ. “ನೀರು ಕುಡ್ದಿರೋ ಸಾಕ್ಷಿ.”

ಅವರು ಕಾವಲಿನವನಿಗೆ ಬಿಡು ಎಂದು ಕೈ ಮಾಡಿದರು.

ಗೇಟು ತೆರೆಯಿತು. ದೊರೆಸ್ವಾಮಿ ನಮ್ಮನ್ನು ಇಳಿಸುವುದನ್ನೂ ಮರೆತು ಗಾಡಿಯನ್ನು ಒಳಗೆ ಬಿಟ್ಟ.