ಎಕ್ಕದ ಗಿಡಕ್ಕೊಂದು ಹಾರ

"ಹೆಣ್ಣು ಎಷ್ಟೆತ್ತರ ಸ್ವಾಮಿ?" ಎಂದು ಕೇಳಿದ ಗೌಸ್ ಪೀರ್.

ಅಂಗಡಿ ಮುಂದೆ ನಿಂತಿದ್ದ ಗಿರಾಕಿ ಬಲಗೈ ಚಾಚಿ, ತನ್ನ ಮೊಣಕಾಲಿಗಿಂತ ಒಂದು ಗೇಣು ಮೇಲೆ ತೋರಿಸಿದ.

ಅವನ ಹಿಂದೆ ನಿಂತು ಸೋಮವಾರದ ಪೂಜೆಗೆ ಪತ್ರೆ ಆರಿಸುತ್ತಿದ್ದ ತೀರ್ಥಮ್ಮನ ಕೈ ನಿಂತಿತು. ಸ್ವಲ್ಪ ಮೊದಲು ಹಾರ ಬೇಕೆಂದ ಆ ಗಿರಾಕಿಯ ದನಿ ಅವಳಿಗೆ ಗೊತ್ತು. ಹತ್ತು ದಿನದ ಹಿಂದೆ ಅಣ್ಣ ಬೆನಕಪ್ಪನ ಮನೆಯ ಪಡಸಾಲೆಯಲ್ಲಿ ಅದೇ ದನಿ "ನಂಗೆ ಒಪ್ಪಿಗೆ ಐತೆ" ಎಂದಿತ್ತು. ಆವತ್ತು ತಲೆ ತಗ್ಗಿಸಿ ಕೂತವಳಿಗೆ ಗಂಡಿನ ಪಾದ ಬಿಟ್ಟು ಬೇರೇನೂ ಕಂಡಿರಲಿಲ್ಲ. ಅಜ್ಜಂಪುರದ ದನದ ಆಸ್ಪತ್ರೆಯ ಕಾಂಪೌಂಡರ್ ದೇವೀರಪ್ಪ, ಇನ್ನು ಹದಿನಾರು ದಿನಕ್ಕೆ ಅವಳ ಗಂಡನಾಗುವವನು, ಕಡೂರಿನ ಹೂವಿನಂಗಡಿಯಲ್ಲಿ ನಿಂತು ಮೊಣಕಾಲೆತ್ತರದ ಹೆಣ್ಣಿಗೆ ಹಾರ ಹೇಳುತ್ತಿದ್ದಾನೆ. ತೀರ್ಥಮ್ಮನೋ, ಬಾಗಿಲ ಪಟ್ಟಿಗೆ ತಲೆ ತಾಗಿಸಿಕೊಂಡು ಅತ್ತಿಗೆಯಿಂದ ಬೈಸಿಕೊಳ್ಳುವಷ್ಟು ಎತ್ತರ. ಹಾಗಾದರೆ ಇದು ಇನ್ಯಾರಿಗೆ?

"ಮೂವತ್ತು ವರ್ಷದಿಂದ ಹಾರ ಕಟ್ತಿದೀನಿ ಸ್ವಾಮಿ," ಎಂದು ಗೌಸ್ ಪೀರ್ ಬಾಳೆನಾರನ್ನು ನೀರಿಗೆ ಅದ್ದುತ್ತ ನಕ್ಕ, "ಇಷ್ಟು ಗಿಡ್ಡ ಹೆಣ್ಣು ನೋಡಿಲ್ಲ."

"ಹೆಣ್ಣಲ್ಲ ಸಾಬ್ರೇ. ಎಕ್ಕದ ಗಿಡ."

ಗೌಸ್ ಪೀರ್ ನಗು ನಿಲ್ಲಿಸಿದ. ಅವನಿಗೆ ಬಿಡಿಸಿ ಹೇಳುವುದು ಬೇಕಿರಲಿಲ್ಲ, ತೀರ್ಥಮ್ಮನಿಗೂ ಬೇಕಿರಲಿಲ್ಲ. ಅವರ ಕಡೆಯ ಪದ್ಧತಿ ಅದು. ಮದುವೆಯೇ ಆಗದ ಗಂಡು, ಗಂಡ ಸತ್ತವಳ ಕೈ ಹಿಡಿಯುವುದಾದರೆ ಮೊದಲು ಎಕ್ಕದ ಗಿಡಕ್ಕೆ ತಾಳಿ ಕಟ್ಟಬೇಕು. ಬಾಸಿಂಗ, ಹಾರ, ವಾಲಗ ಎಲ್ಲ ಬೆಳಿಗ್ಗೆ ಆ ಗಿಡದ ಮುಂದೆ ಮುಗಿಯಬೇಕು. ಸಂಜೆ ಹೆಣ್ಣಿಗೆ ಆಗುವುದು ಉಡಿಕೆ ಮಾತ್ರ. ಒಂದು ಹೊಸ ಸೀರೆ ಉಡಿಸಿ, ನಾಲ್ಕು ಜನರೆದುರು ತಾಳಿ ಕಟ್ಟಿ ಕರೆದುಕೊಂಡು ಹೋಗುವುದು. ಅಲ್ಲಿ ಹೂವಿಗೆ ಜಾಗವಿಲ್ಲ, ಮುತ್ತೈದೆಯರು ಎದುರಿಗೂ ಬರುವುದಿಲ್ಲ.

ಹತ್ತೊಂಬತ್ತಕ್ಕೆ ಮದುವೆಯಾಗಿ ಇಪ್ಪತ್ತಕ್ಕೆ ವಿಧವೆಯಾದ ತೀರ್ಥಮ್ಮನಿಗೆ ಈಗ ಇಪ್ಪತ್ತೇಳು. ಇಷ್ಟು ವರ್ಷದಲ್ಲಿ ಅವಳು ಈ ಅಂಗಡಿಯಿಂದ ಒಯ್ದದ್ದೆಲ್ಲ ದೇವರಿಗೆ.

ದೇವೀರಪ್ಪ ತಿರುಗಿ ನೋಡಿದ. ಅವಳನ್ನು ಕಂಡು ಅವನ ಮುಖ ಕಿವಿಯವರೆಗೆ ಕೆಂಪಾಯಿತು. ಬೇರೆ ಗಂಡಸಾಗಿದ್ದರೆ ಎದ್ದೆನೋ ಬಿದ್ದೆನೋ ಎಂದು ಬಸ್‌ಸ್ಟ್ಯಾಂಡಿನ ಕಡೆ ಓಡುತ್ತಿದ್ದ. ಇವನು ನಿಂತ.

"ನೀವೂ ಕೇಳಿಸ್ಕೊಂಡ್ರಾ?"

"ಹ್ಞೂಂ."

"ನಂಗೆ ಹೂವಿನ ವಿಷ್ಯ ಏನೂ ತಿಳಿಯಲ್ಲ ಕಣ್ರೀ. ಹೆಂಗೂ ಬಂದಿದೀರಿ, ನೀವೇ ಆರಿಸಿ ಕೊಡಿ."

ಎಂಥ ಮಾತು! ತನ್ನ ಗಂಡ ಬೆಳಿಗ್ಗೆ ಕಟ್ಟಿಕೊಳ್ಳುವ ಮೊದಲ ಹೆಂಡತಿಗೆ ತಾನೇ ಹೂ ಆರಿಸಬೇಕು. ತೀರ್ಥಮ್ಮನಿಗೆ ಸಿಟ್ಟು ಬರಬೇಕಿತ್ತು. ಆದರೆ ಅವನ ಕಣ್ಣಲ್ಲಿ ಕುಹಕವಿರಲಿಲ್ಲ. ಪರೀಕ್ಷೆಗೆ ಕೂತ ಹುಡುಗನ ಗಾಬರಿ ಇತ್ತು. ಅವಳು ಸೆರಗು ಸರಿಮಾಡಿಕೊಂಡು ಬುಟ್ಟಿಗಳ ಮೇಲೆ ಬಗ್ಗಿದಳು.

"ಚೆಂಡುಹೂ ಬೇಡ, ಭಾರ. ಗಿಡ ಬಗ್ಗೋಗ್ತದೆ," ಎಂದಳು. "ಸುಗಂಧರಾಜ ಹಾಕಿ. ಮಧ್ಯೆ ಮಧ್ಯೆ ಮರುಗ ಸೇರ್ಸಿ. ತುದೀಲಿ ಕನಕಾಂಬರದ ಕುಚ್ಚು."

ಹೇಳುತ್ತ ಹೇಳುತ್ತ ದನಿಗೆ ಜೀವ ಬಂತು. ಬ್ಲೌಸು ಹೊಲಿದು ಹೊಲಿದು ಬಣ್ಣ ಹೊಂದಿಸುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಒಂದು ಕನಕಾಂಬರದ ದಂಡೆ ಎತ್ತಿ ಬೆಳಕಿಗೆ ಹಿಡಿದಳು. ಹಿಡಿದವಳು ಅದನ್ನು ಕೆಳಗಿಡಲು ತಡಮಾಡಿದಳು. ದೇವೀರಪ್ಪ ನೋಡುತ್ತಿದ್ದ. ಹೂವನ್ನಲ್ಲ, ಅವಳ ಬೆರಳನ್ನು. ಅದು ತಿಳಿದು ಅವಳು ದಂಡೆಯನ್ನು ಬುಟ್ಟಿಗೆ ಹಾಕಿಬಿಟ್ಟಳು.

"ನಿಮ್ಗೆ?" ಎಂದ ಮೆಲ್ಲಗೆ.

"ಉಡಿಕೆಗೆ ಹಾರ ಎಲ್ಲೈತೆ?"

"ಬೇಕು ಅನ್ನಿ, ಅವ್ವನ ಹತ್ರ ಮಾತಾಡ್ತೀನಿ."

"ಬೇಡ ಬೇಡ," ಎಂದು ಅವಳು ಪತ್ರೆಯ ಪೊಟ್ಟಣ ಎತ್ತಿಕೊಂಡು ಹೊರಟೇಬಿಟ್ಟಳು.

ಮನೆಗೆ ಹೋಗಿ ಹೊಲಿಗೆ ಮಿಷನ್ನಿನ ಮುಂದೆ ಕೂತರೆ ಒಂದು ಹೊಲಿಗೆಯೂ ನೆಟ್ಟಗೆ ಬರಲಿಲ್ಲ. ಅವಳಿಗೆ ಹಾರ ಬೇಕಿತ್ತು. ಅವನ ಕೈಯಿಂದಲೇ ಬೇಕಿತ್ತು. ಇದನ್ನು ಒಪ್ಪಿಕೊಳ್ಳಲು ಆ ರಾತ್ರಿಯೆಲ್ಲ ಸಾಲದೆ ಹೋಯಿತು. ಅಣ್ಣನ ಮನೆಯಲ್ಲಿ ಏಳು ವರ್ಷ ಇದ್ದವಳು ಒಂದು ಲೋಟ ಕಾಫಿಯನ್ನೂ ಬಾಯಿಬಿಟ್ಟು ಕೇಳಿದವಳಲ್ಲ. ಕೊಟ್ಟರೆ ಕುಡಿದಳು, ಇಲ್ಲದಿದ್ದರೆ ಇಲ್ಲ. ಕೇಳುವುದನ್ನು ನಾಲಿಗೆ ಮರೆತೇಬಿಟ್ಟಿತ್ತು.

ಮುಂದಿನ ಸೋಮವಾರ ಅವಳು ಪತ್ರೆಗೆ ಹೋದಾಗ ದೇವೀರಪ್ಪ ಅಂಗಡಿಯ ಪಕ್ಕದ ಕಲ್ಲಿನ ಮೇಲೆ ಕೂತಿದ್ದ. ಬೆಳಿಗ್ಗೆ ಮೊದಲ ಬಸ್ಸಿಗೇ ಬಂದನಂತೆ. ಗೌಸ್ ಪೀರ್ ಇಬ್ಬರನ್ನೂ ನೋಡಿ, "ಹೂವಿಗೆ ನೀರು ತರ್ತೀನಿ," ಎಂದು ಬಿಂದಿಗೆ ಎತ್ತಿಕೊಂಡು ಹೋದ. ಬಿಂದಿಗೆಯಲ್ಲಿ ನೀರು ಕುತ್ತಿಗೆಯವರೆಗೆ ಇತ್ತು.

"ಅವ್ವನ್ನ ಕೇಳ್ದೆ," ಎಂದ ದೇವೀರಪ್ಪ.

"ಬೇಡ ಅಂದಿದ್ನಲ್ಲ."

"ನಿಮ್ಮ ಬಾಯಿ ಬೇಡ ಅಂತು. ಅವ್ವ ಏನಂದ್ಲು ಗೊತ್ತಾ? 'ನೀನ್ಯಾಕೋ ಕುಣೀತೀಯ? ಉಡಿಕೆಗೆ ಹೂ ಬೇಕಾದ್ರೆ ಅವ್ಳಾಗೇ ಕೇಳ್ಲಿ' ಅಂದ್ಲು."

ತೀರ್ಥಮ್ಮ ಬಗ್ಗಿ ಪತ್ರೆ ಆರಿಸತೊಡಗಿದಳು.

"ಹೋದ ವರ್ಷ ನಿಮ್ಮಣ್ಣನ ಹಸು ಕರು ಹಾಕೋಕೆ ಆಗ್ದೆ ಒದ್ದಾಡ್ತಿತ್ತು. ಇಲ್ಲಿನ ಡಾಕ್ಟ್ರು ಇರ್ಲಿಲ್ಲ ಅಂತ ನಾನೂ ನಮ್ಮ ಡಾಕ್ಟ್ರೂ ಬಂದಿದ್ವಿ. ನೀವು ಅದ್ರ ತಲೆ ತೊಡೆ ಮೇಲಿಟ್ಕೊಂಡು ಕೂತಿದ್ರಿ. 'ಮೊದ್ಲು ನೀರು ಕುಡ್ಸಿ, ಆಮೇಲೆ ಸೂಜಿ ಚುಚ್ಚಿ' ಅಂತ ಡಾಕ್ಟ್ರಿಗೇ ಗದರಿದ್ರಿ. ಅವತ್ತೇ ನಂಗೆ..." ಅವನು ಮಾತು ನುಂಗಿದ. ಮತ್ತೆ ಶುರುಮಾಡಿದ. "ಅವತ್ತೇ ಮನಸ್ಸಿಗೆ ಬಂದ್ರಿ. ಮದ್ವೆ ಮಾತು ಎತ್ತಿಸೋಕೆ ಒಂದು ವರ್ಷ ಹಿಡೀತು. ಹಸುವಿಗೆ ಬೇಕಾದ್ದು ಕೇಳಿದ್ರಲ್ಲ, ನಿಮ್ಗೆ ಬೇಕಾದ್ದು ಯಾವಾಗ ಕೇಳ್ತೀರಿ?"

ಅವಳ ಕಣ್ಣು ತುಂಬಿತು. ಉಗುರಿಂದ ಪತ್ರೆಯ ತೊಟ್ಟು ಚಿವುಟುತ್ತ ನಿಂತಳು.

"ಒಂದೇ ಮಾತು," ಎಂದ ಅವನು. "ನಾನು ಬೇಕು ಅಂತ ಒಪ್ಕೊಂಡ್ರಾ, ಅಣ್ಣನ ಮನೆ ಸಾಕಾಗಿ ಒಪ್ಕೊಂಡ್ರಾ? ಎರಡನೇದಾದ್ರೂ ಬೇಜಾರಿಲ್ಲ, ಚೆನ್ನಾಗೇ ನೋಡ್ಕೋತೀನಿ. ಆದ್ರೆ ತಿಳ್ಕೋಬೇಕು ಅನ್ನಿಸ್ತು."

ತೀರ್ಥಮ್ಮ ಇನ್ನೊಂದು ಪತ್ರೆಯ ತೊಟ್ಟು ಚಿವುಟಿದಳು. ಅಜ್ಜಂಪುರದ ಬಸ್ಸು ಹಾರನ್ ಹೊಡೆಯಿತು. ಅವನು ಸ್ವಲ್ಪ ಹೊತ್ತು ಕಾದು, ತಲೆಯಾಡಿಸಿ, "ಬತ್ತೀನಿ," ಎಂದು ಹೊರಟುಹೋದ. ಹೋಗುವವನ ಬೆನ್ನು ನೋಡುತ್ತ ತೀರ್ಥಮ್ಮ ತನ್ನನ್ನೇ ಬೈದುಕೊಂಡಳು. ಇಂಥ ಪೆದ್ದಿಯನ್ನು ಕಟ್ಟಿಕೊಂಡು ಆ ಪುಣ್ಯಾತ್ಮ ಏನು ಸುಖ ಪಟ್ಟಾನು ಎಂದು ಮರುಗಿದಳು.

ಮಾಘದ ಆ ಬುಧವಾರ ಬಂತು. ಬೆಳಿಗ್ಗೆ ಅಜ್ಜಂಪುರದ ಹೊಲದ ಬದುವಿನಲ್ಲಿ ಎಕ್ಕದ ಗಿಡಕ್ಕೆ ಸುಗಂಧರಾಜದ ಹಾರ ಬಿದ್ದು, ತಾಳಿ ಕಟ್ಟಿ ಆಯಿತಂತೆ. ಮಧ್ಯಾಹ್ನದ ಬಸ್ಸಿಗೆ ಗಂಡಿನ ಕಡೆಯವರು ಐದು ಜನ ಕಡೂರಿಗೆ ಬಂದಿಳಿದರು. ಸಂಜೆ ಬೆನಕಪ್ಪನ ಪಡಸಾಲೆಯಲ್ಲಿ ಎರಡು ಮಣೆ ಹಾಕಿದರು. ಅತ್ತಿಗೆ ಅಡುಗೆಮನೆಯಿಂದ ಹೊರಗೆ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ದೇವೀರಪ್ಪನ ತಾಯಿ ಕಾಂತಮ್ಮ, ಇಪ್ಪತ್ತು ವರ್ಷದಿಂದ ಬರಿಹಣೆಯ ಹೆಂಗಸು, ಭಾವಿ ಸೊಸೆಗೆ ತಾನೇ ಸೀರೆ ಉಡಿಸಿದಳು. ನೆರಿಗೆ ಹಿಡಿಯುವಾಗ ಎರಡು ಸಲ ತೀರ್ಥಮ್ಮನ ಮುಖ ನೋಡಿದಳು.

ಮಣೆಯ ಮೇಲೆ ದೇವೀರಪ್ಪ ಬರಿಗೊರಳಲ್ಲಿ ಕೂತಿದ್ದ. ಅವಳನ್ನು ನೋಡಿ ನಕ್ಕ. ಧೈರ್ಯ ಕೊಡುವ ನಗು ಅದು. ಕೇಳಿದ ಪ್ರಶ್ನೆಯನ್ನು ಅವನು ಅಲ್ಲಿಗೇ ಬಿಟ್ಟುಕೊಟ್ಟಿದ್ದಾನೆ ಎಂದು ಅವಳಿಗೆ ಅರ್ಥವಾಯಿತು. ಇನ್ನು ಜನ್ಮದಲ್ಲಿ ಕೇಳಲಾರ. ಚೆನ್ನಾಗಿ ನೋಡಿಕೊಳ್ಳುತ್ತಾನೆ, ಉತ್ತರ ಇಲ್ಲದೆಯೇ ಬದುಕುತ್ತಾನೆ. ಹಾಗೆಂದುಕೊಂಡಾಗ ಅವಳಿಗೆ ತಡೆಯಲಾರದ ಸಂಕಟವಾಯಿತು.

ಉಡಿಕೆ ಮಾಡಿಸಲು ಬಂದಿದ್ದ ಪುರೋಹಿತ ಮಲ್ಲಿಕಾರ್ಜುನಯ್ಯನವರು ವಿಭೂತಿ ಹಚ್ಚಿ, ತಾಳಿಯ ತಟ್ಟೆ ಮುಂದಿಟ್ಟು, ರೂಢಿಯಂತೆ ಕೇಳಿದರು, "ಎಲ್ಲಾ ಆಯ್ತಲ್ಲಪ್ಪಾ? ಏನೂ ಬಾಕಿ ಇಲ್ವಲ್ಲ?"

"ಹಾರ ಬಾಕಿ ಐತೆ," ಎಂದಳು ತೀರ್ಥಮ್ಮ.

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

"ಏನೇ ತೀರ್ಥಾ, ತಲೆ ಗಿಲೆ ಕೆಟ್ಟೈತಾ?" ಎಂದು ಬೆನಕಪ್ಪ ಗದರಿದ.

ಕಾಂತಮ್ಮ ಕೈಯೆತ್ತಿ ಅವನನ್ನು ತಡೆದಳು. "ಯಾರಿಗೆ ಬೇಕಾಗಿತ್ತೇ ಹಾರ?"

"ನಂಗೆ." ಅವಳು ತಲೆ ಎತ್ತಿದಳು. "ನಂಗೆ ಬೇಕು ಅತ್ತೆ. ಇವ್ರು ಒಂದ್ ಮಾತು ಕೇಳಿದ್ರು, ನಾನು ಬಾಯಿ ಬಿಡ್ಲಿಲ್ಲ. ಇವ್ರು ಬೇಕು ಅಂತಾನೇ ನಾನು ಇಲ್ಲಿ ಕೂತಿರೋದು. ಅಣ್ಣನ ಮನೆ ಸಾಕಾಗಿ ಅಲ್ಲ. ಬೇಕು ಅಂದೋರ ಮುಂದೆ ಬರಿಗೈಯಲ್ಲಿ ಹೆಂಗೆ ಕೂತಿರ್ಲಿ?"

ದೇವೀರಪ್ಪ ಅವಳನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳುವ ಎಚ್ಚರವೂ ಇರಲಿಲ್ಲ.

ಕಾಂತಮ್ಮ ಅಯ್ಯನವರ ಕಡೆ ತಿರುಗಿದಳು. "ಮುಹೂರ್ತ ಮೀರ್ತದಾ ಅಯ್ಯಾ?"

"ಉಡಿಕೆಗೆ ಮುಹೂರ್ತ ಯಾರಮ್ಮಾ ನೋಡ್ತಾರೆ?"

"ಹಂಗಾದ್ರೆ ಕಾಯಾಣ. ಲೋ ದೇವೀರಾ, ಏನ್ ಮಿಕಮಿಕ ನೋಡ್ತೀಯ? ಏಳು, ಹೋಗಿ ಹಾರ ತಗೊಂಬಾ."

ಮದುಮಗ ಮಣೆಯಿಂದ ಎದ್ದು, ಹೊಸ ಪಂಚೆ ಎತ್ತಿ ಕಟ್ಟಿ, ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದ. ತೀರ್ಥಮ್ಮ ಮಣೆಯ ಮೇಲೆ ಒಬ್ಬಳೇ ಕೂತಳು. ಕಾಂತಮ್ಮ ಪಕ್ಕದಲ್ಲಿ ಬಂದು ಕೂತು, ಅವಳ ತಣ್ಣಗಾಗಿದ್ದ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಇಷ್ಟ್ ಹೊತ್ತು ಬೇಕಾಯ್ತೇನೇ ಕೇಳೋಕೆ?" ಎಂದಳು ಮೆಲ್ಲಗೆ. "ನಾನಂತೂ ನಂಗೆ ಬೇಕಾದ್ದು ಕೇಳ್ಲೇ ಇಲ್ಲ ಕಣೇ."

ದೀಪ ಹಚ್ಚುವ ಹೊತ್ತಿಗೆ ಅವನು ಬಂದ. ಮೈಯೆಲ್ಲ ಬೆವರು, ಕೈಯಲ್ಲಿ ಬಾಳೆಲೆಯ ಪೊಟ್ಟಣ. ಅದರೊಳಗೆ ಹಳದಿ ಸೇವಂತಿಗೆಯ ಎರಡು ಹಾರ. ಒಂದು ಅಚ್ಚುಕಟ್ಟಾಗಿತ್ತು. ಇನ್ನೊಂದರಲ್ಲಿ ಒಂದು ಕಡೆ ಹೂ ಒತ್ತಾಗಿ, ಇನ್ನೊಂದು ಕಡೆ ಬರೀ ನಾರು ಕಾಣುತ್ತಿತ್ತು.

"ಅಂಗಡೀಲಿ ಹಾರ ಇರ್ಲಿಲ್ಲ," ಎಂದ ಏದುಸಿರು ಬಿಡುತ್ತ. "ಸಾಬ್ರು ಒಂದು ಕಟ್ಟಿದ್ರು. ಹೊತ್ತಾಗ್ತದೆ ಅಂತ ಇನ್ನೊಂದು ನಾನೇ ಕಟ್ಟಿದೆ. ನೋಡಿದ್ರೇ ಗೊತ್ತಾಗ್ತದೆ ಬಿಡಿ. ನೀವು ಚೆನ್ನಾಗಿರೋದು ಹಾಕ್ಕೊಳ್ಳಿ."

ತೀರ್ಥಮ್ಮ ಎರಡನ್ನೂ ನೋಡಿದಳು. ಗೌಸ್ ಪೀರ್ ಕಟ್ಟಿದ್ದನ್ನು ಎತ್ತಿ ಅವನ ಕೊರಳಿಗೆ ಹಾಕಿದಳು. ಆಮೇಲೆ ಎಲೆಯಲ್ಲಿ ಉಳಿದಿದ್ದ ಆ ಸೊಟ್ಟ ಹಾರದ ಮುಂದೆ ತಲೆ ಬಾಗಿಸಿ, "ಇದನ್ನೇ ಹಾಕಿ," ಎಂದಳು.