ಬಿಳಿ ದಾರ ಕಟ್ಟಿದ ವಾಲ್ವು

"ಐದು ಗಂಟೆಗೆ ನನ್ನ ತಮ್ಮನ್ನ ಠಾಣೆಗೆ ಕರ್ಕೊಂಡು ಹೋಗ್ತಾರಂತೆ. ನೀವೇ ಏನಾದ್ರೂ ಮಾಡ್ಬೇಕಮ್ಮಾ."

ಟೈಲರ್ ಮಾಸ್ತರ ಹೆಂಡತಿ ಹೊಸ್ತಿಲಲ್ಲೇ ನಿಂತು ಇಷ್ಟು ಹೇಳಿ ಬಾಯಿಗೆ ಕೈ ಅಡ್ಡ ಹಿಡಿದಳು. ಮಂಗಳವಾರ ಮಧ್ಯಾಹ್ನ ಎರಡು ಗಂಟೆ. ಹೊರಗೆ ಬಿಸಿಲು ನೆತ್ತಿ ಸುಡುತ್ತಿತ್ತು.

ಸರ್ವೇಯರಮ್ಮ ಕನ್ನಡಕ ಹಾಕಿಕೊಂಡರು. ಮೂವತ್ತು ವರ್ಷ ವಿಮೆ ಕಂಪನಿಗಾಗಿ ಜಖಂಗೊಂಡ ಗಾಡಿಗಳನ್ನು ನೋಡಿ, ಯಾವ ಅಪಘಾತ ನಿಜ, ಯಾವುದು ಕಟ್ಟುಕತೆ ಎಂದು ಹೇಳುತ್ತಿದ್ದವರು ಅವರು. ನಿವೃತ್ತಿಯಾದರೂ ಆ ಚಾಳಿ ಬಿಟ್ಟಿರಲಿಲ್ಲ. ಬೀದಿಯಲ್ಲಿ ಯಾರ ಮನೆಯಲ್ಲಿ ಏನೇ ಆದರೂ ಜನ ಮೊದಲು ತಟ್ಟುತ್ತಿದ್ದುದು ಅವರ ಬಾಗಿಲನ್ನೇ. ಎದುರು ಮನೆಯ ಕಂಪೌಂಡರ್ ಸದಾ ಅವರ ಬೆನ್ನ ಹಿಂದೆ. ತಾನು ಅರ್ಧ ಪತ್ತೇದಾರ ಎಂದು ಅವನ ನಂಬಿಕೆ. ಆ ಅರ್ಧ ಯಾವುದೆಂದು ಸರ್ವೇಯರಮ್ಮ ಇನ್ನೂ ಹುಡುಕುತ್ತಿದ್ದರು.

"ಕೂತ್ಕೊಂಡು ಮೊದಲಿಂದ ಹೇಳು," ಎಂದರು.

ಮಾಸ್ತರ ಕಾರಿನ ಎಸಿ ಕೆಟ್ಟಿತ್ತು. ಹೆಂಡತಿಯ ತಮ್ಮ ಮೆಕ್ಯಾನಿಕ್. ಗ್ಯಾರೇಜಿಗೆ ತನ್ನಿ ಎಂದರೆ ಮಾಸ್ತರು ಕೇಳಲಿಲ್ಲ. ಕೋಟು ಹೊಲಿಯುವವನಿಗೆ ಇದೇನು ಮಹಾ ಎಂದು ಹಟ ಹಿಡಿದರು. ಗ್ಯಾಸು ಸೋರುತ್ತಿದ್ದ ಪೈಪನ್ನು ತಾವೇ ಬದಲಾಯಿಸಿದರು. ಶನಿವಾರ ಸಂಜೆ ಮೆಕ್ಯಾನಿಕ್ ಒತ್ತಡ ತೋರಿಸುವ, ಎರಡು ವಾಲ್ವಿನ ತನ್ನ ಹಳೆಯ ಗೇಜು ತಂದುಕೊಟ್ಟು, ಗ್ಯಾಸ್ ತುಂಬುವುದನ್ನು ತೋರಿಸಿದ. ಹೊರಡುವಾಗ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. "ಸಾಯಿ ಹೋಗು" ಎಂದು ಅವನು ಕೂಗಿದ್ದು ಇಡೀ ಬೀದಿಗೆ ಕೇಳಿಸಿತು. ಭಾನುವಾರ ಬೆಳಿಗ್ಗೆ ಒಬ್ಬರೇ ಗ್ಯಾಸ್ ತುಂಬುತ್ತಿದ್ದಾಗ ಮಾಸ್ತರ ಕೈಯಲ್ಲೇ ಗ್ಯಾಸಿನ ಡಬ್ಬಿ ಸಿಡಿಯಿತು. ಬಲಗೈ ಸೀಳಿತ್ತು, ಎರಡೂ ಕಣ್ಣಿಗೆ ಪಟ್ಟಿ. ಇವತ್ತು ಬೆಳಿಗ್ಗೆಯಷ್ಟೇ ಪೂರ್ತಿ ಎಚ್ಚರವಾಗಿತ್ತು.

"ಗೇಜಿನ ಮೇಲೆ ಬಿಳಿ ದಾರ, ಕರಿ ದಾರ ಕಟ್ಟಿತ್ತಂತೆ. ತಪ್ಪು ವಾಲ್ವಿಗೆ ಬಿಳಿ ದಾರ ಕಟ್ಟಿ ನಿನ್ನ ತಮ್ಮನೇ ಮೋಸ ಮಾಡಿದಾನೆ ಅಂತಾರೆ ಇನ್‌ಸ್ಪೆಕ್ಟರು."

"ಸೋಮವಾರ ಎಲ್ಲಿಗೋ ಹೊರಟಿದ್ರಲ್ಲ?"

"ನನ್ನ ಮೈದುನನ ಊರಿಗೆ. ಇವರ ಅಕ್ಕ, ದೊಡ್ಡಕ್ಕನ್ನೂ ಕರ್ಕೊಂಡು. ಮೂರು ದಿನ ಇದ್ದು ಬರೋದು ಅಂತ," ಎಂದು ಅವಳು ನೆಲ ನೋಡಿದಳು.

ಸರ್ವೇಯರಮ್ಮ ಕಂಪೌಂಡರನನ್ನು ಕರೆದುಕೊಂಡು ಮಾಸ್ತರ ಮನೆಗೆ ಹೋದರು. ಕಾರು ನಿಲ್ಲಿಸುವ ಶೆಡ್ಡಿಗೆ ಅಡುಗೆಮನೆಯಿಂದಲೇ ದಾರಿ. ಬೀದಿಯ ಕಡೆಯ ಷಟರಿಗೆ ಒಳಗಿನಿಂದ ಚಿಲಕ. ಗೇಜು ಇನ್ನೂ ಬಾನೆಟ್ಟಿಗೇ ನೇತಾಡುತ್ತಿತ್ತು. ಎರಡು ವಾಲ್ವಿನ ಬಣ್ಣವೂ ಸವೆದು ಹೋಗಿ, ಯಾವುದು ಕೆಂಪು, ಯಾವುದು ನೀಲಿ ಎಂದು ಹೇಳುವಂತಿರಲಿಲ್ಲ.

"ಇಂಜಿನ್ ಓಡ್ತಿರುವಾಗ ಕಡಿಮೆ ಒತ್ತಡದ ವಾಲ್ವು ಮಾತ್ರ ತೆರೀಬೇಕು," ಎಂದರು ಸರ್ವೇಯರಮ್ಮ. "ಇನ್ನೊಂದನ್ನ ತೆರೆದ್ರೆ ಕಂಪ್ರೆಸರಿನ ಒತ್ತಡವೆಲ್ಲ ಹಿಂದಕ್ಕೆ ಡಬ್ಬಿಗೆ ನುಗ್ಗುತ್ತೆ. ಮಾಸ್ತರು ತೆರೆದಿದ್ದು ಆ ಇನ್ನೊಂದನ್ನೇ. ಬಿಳಿ ದಾರ ಇರೋದೂ ಅದಕ್ಕೇ. ಈ ದಾರ ಎರಡನ್ನೂ ಮುಟ್ಟಿ ನೋಡು."

ಕಂಪೌಂಡರ್ ಮುಟ್ಟಿದ. ಬಿಳಿಯದು ಹತ್ತಿಯಂತೆ ಮೆತ್ತಗಿತ್ತು. ಕರಿಯದು ಬೆರಳಿಗೆ ಅಂಟಿತು.

"ಗ್ರೀಸು," ಎಂದ ದೊಡ್ಡ ತಜ್ಞನಂತೆ.

ಸರ್ವೇಯರಮ್ಮ ಕಾರಿನ ಹಿಂದಕ್ಕೆ ಹೋದರು. ಡಿಕ್ಕಿ ತೆರೆದರು. ಒಂದು ಹಳೆಯ ಟ್ರಂಕು, ಹಗ್ಗ ಕಟ್ಟಿದ ಹಾಸಿಗೆ, ಅದರ ಮೇಲೆ ಎರಡು ದಪ್ಪ ಕಂಬಳಿ. ಆ ಧಗೆಯಲ್ಲಿ ಕಂಬಳಿ ನೋಡಿಯೇ ಕಂಪೌಂಡರನಿಗೆ ಬೆವರು ಕಿತ್ತುಕೊಂಡಿತು.

ನಡುಮನೆಯ ಕಿಟಕಿಯ ಬಳಿ ದೊಡ್ಡಕ್ಕ ಕೂತಿದ್ದರು. ಮಾಸ್ತರ ಅಕ್ಕ, ತಾಯಿ ಸತ್ತ ಮೇಲೆ ತಮ್ಮಂದಿರಿಬ್ಬರನ್ನೂ ಸಾಕಿದವರು. ಅಂಗಡಿಯ ಕಾಜಾ, ಗುಂಡಿ ಕೆಲಸ ಇಂದಿಗೂ ಅವರದೇ. ದಾರವನ್ನು ಮೇಣದ ಉಂಡೆಯ ಮೇಲೆ ಸರ್ರನೆ ಎಳೆದು ಸೂಜಿಗೆ ಪೋಣಿಸುತ್ತಿದ್ದರು.

"ಅವನ ಕಣ್ಣು ಬರುತ್ತೇನಪ್ಪಾ?" ಎಂದು ಕಂಪೌಂಡರನನ್ನು ಕೇಳಿದರು.

"ಬರುತ್ತೆ ದೊಡ್ಡಕ್ಕ. ನೀವು ಮಾತ್ರೆ ತಪ್ಪಿಸಬೇಡಿ," ಎಂದ ಅವನು. ಹೊರಗೆ ಬಂದ ಮೇಲೆ ಸರ್ವೇಯರಮ್ಮನಿಗೆ ಪಿಸುಗುಟ್ಟಿದ: "ಹೋದ ತಿಂಗಳು ಬಸ್ಸಲ್ಲಿ ಮೂರ್ಛೆ ಹೋಗಿದ್ರು, ಪಾಪ. ಎಸಿ ಗಾಡಿ ಇಲ್ಲದೆ ಇನ್ನು ದೂರ ಪ್ರಯಾಣ ಬೇಡ ಅಂದಿದಾರೆ ಡಾಕ್ಟ್ರು."

ಸರ್ವೇಯರಮ್ಮ ಗಕ್ಕನೆ ನಿಂತರು. ಅವರ ಮುಖ ಬಾಡಿತು. ಗಂಟು ಬಿಚ್ಚಿದಾಗ ಅವರ ಕಣ್ಣು ಹೊಳೆಯುತ್ತಿದ್ದುದನ್ನು ಕಂಪೌಂಡರ್ ಹಲವು ಸಲ ಕಂಡಿದ್ದ. ಹೀಗೆ ಬಾಡಿದ್ದು ಇದೇ ಮೊದಲು.

"ಎಲ್ಲರನ್ನೂ ಆಸ್ಪತ್ರೆಗೆ ಕರಿ," ಎಂದರು. "ದೊಡ್ಡಕ್ಕನ್ನ ಬಿಸಿಲಲ್ಲಿ ನಡೆಸಬೇಡ. ಆಟೋ ಮಾಡು."

ನಾಲ್ಕೂವರೆಗೆ ಮಾಸ್ತರ ಮಂಚದ ಸುತ್ತ ಎಲ್ಲರೂ ಸೇರಿದರು. ಇನ್‌ಸ್ಪೆಕ್ಟರು ಬಾಗಿಲಿಗೆ ಒರಗಿ ಗಡಿಯಾರ ನೋಡುತ್ತಿದ್ದರು. ಮೆಕ್ಯಾನಿಕ್ ಮೂರು ದಿನದಿಂದ ನಿದ್ದೆಗೆಟ್ಟು ಅರ್ಧಕ್ಕರ್ಧ ಇಳಿದು ಹೋಗಿದ್ದ.

"ಮಾಸ್ತರೇ, ಗೇಜಿಗೆ ದಾರ ಕಟ್ಟಿದ್ದು ಯಾರು?" ಎಂದು ಕೇಳಿದರು ಸರ್ವೇಯರಮ್ಮ.

"ನಾನೇ," ಎಂದರು ಮಾಸ್ತರು. ಪಟ್ಟಿಯ ಕೆಳಗೆ ತುಟಿ ಮಾತ್ರ ಅಲುಗುತ್ತಿತ್ತು. "ಬಣ್ಣ ಕಾಣ್ತಿರಲಿಲ್ಲ. ಅಂಗಡಿ ಪದ್ಧತಿ ನಮ್ಮದು. ಬಿಳಿ ದಾರ ಕಚ್ಚಾ ಹೊಲಿಗೆ, ಬಿಚ್ಚೋದಕ್ಕೆ. ಕರೀದು ಕಾಯಂ, ಮುಟ್ಟಬಾರದು. ತೆರೆಯೋ ವಾಲ್ವಿಗೆ ಬಿಳಿ ಕಟ್ಟಿದೆ. ನನ್ನ ಭಾಮೈದನೇ ಬೆರಳಿಟ್ಟು ನೋಡಿ, ಸರಿ ಇದೆ ಭಾವ ಅಂದ."

"ಕೇಳಿದ್ರಾ, ಇನ್‌ಸ್ಪೆಕ್ಟರೇ? ಶನಿವಾರ ಸಂಜೆ ಸರಿಯಾಗಿದ್ದ ದಾರ ಭಾನುವಾರ ಬೆಳಿಗ್ಗೆ ಅದಲುಬದಲಾಗಿತ್ತು. ಷಟರಿಗೆ ಒಳಗಿಂದ ಚಿಲಕ. ಹೊರಗಿನವರು ಬರೋ ಹಾಗಿಲ್ಲ. ಅಂದ್ರೆ ಮನೆಯವರೇ. ಇವನಾಗಿದ್ರೆ ದಾರ ಹುಡುಕ್ತಿರಲಿಲ್ಲ, ಜೇಬಲ್ಲಿರೋ ಟೇಪು ಸುತ್ತುತ್ತಿದ್ದ."

ಮಾಸ್ತರ ಹೆಂಡತಿ ಬಿಳಿಚಿಕೊಂಡಳು. "ನಾನಾ? ದೇವರಾಣೆ..."

"ನಿನಗೆ ಸೂಜಿ ಹಿಡಿಯೋಕೇ ಬರಲ್ಲ, ಸುಮ್ನಿರು. ದಾರ ಬಿಗಿಯಾಗಿತ್ತು, ಕತ್ತರಿಸಿಯೇ ತೆಗೀಬೇಕಾಯ್ತು. ಬಿಳೀದು ಉದ್ದ ಉಳೀತು, ಅದನ್ನೇ ಮತ್ತೆ ಕಟ್ಟಿದ್ರು. ಕರೀದು ಗಿಡ್ಡ ಆಯ್ತು. ತಮ್ಮ ಹೊಲಿಗೆ ಡಬ್ಬಿಯಿಂದ ಬೇರೆ ತಗೊಂಡ್ರು. ಅದಕ್ಕೆ ಮೇಣ ಹಚ್ಚಿದೆ. ಮಾಸ್ತರೇ, ಮೇಣದ ದಾರ ನೀವು ಬಳಸ್ತೀರಾ?"

ಮಾಸ್ತರು ಪಟ್ಟಿ ಕಟ್ಟಿದ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಗ್ರೀಸು ಎಂದ ತನ್ನ ನಾಲಿಗೆಯನ್ನು ಕಂಪೌಂಡರ್ ಕಚ್ಚಿಕೊಂಡ. ಕುರ್ಚಿಯಲ್ಲಿ ಕೂತಿದ್ದ ದೊಡ್ಡಕ್ಕನನ್ನು ನೋಡಲು ಅವನಿಗೆ ಧೈರ್ಯ ಬರಲಿಲ್ಲ.

"ಯಾಕೆ ಅಂತ ನಾನು ಹೇಳ್ಲಾ, ನೀವೇ ಹೇಳ್ತೀರಾ ದೊಡ್ಡಕ್ಕ?" ಸರ್ವೇಯರಮ್ಮನ ದನಿ ಇಳಿದಿತ್ತು. "ಮೂರು ದಿನಕ್ಕೆ ಅಂತ ಹೊರಟವರ ಡಿಕ್ಕೀಲಿ ನಿಮ್ಮ ಟ್ರಂಕು, ಹಾಸಿಗೆ, ಚಳಿಗಾಲದ ಕಂಬಳಿ. ಎಸಿ ಸರಿಹೋಗದಿದ್ರೆ ಡಾಕ್ಟ್ರು ನಿಮ್ಮನ್ನ ಕಳಿಸಲ್ಲ. ಅಲ್ವಾ?"

"ಶನಿವಾರ ಮಾತ್ರೆ ಚೀಲ ಇಡೋಕೆ ಹೋದೆ," ಎಂದರು ದೊಡ್ಡಕ್ಕ. "ಕಂಬಳಿ ಕಂಡ್ತು. ಚಿಕ್ಕೋನ ಮನೇಲಿ ಬಿಟ್ಟು ಬರ್ತಾರೆ ಅಂತ ಗೊತ್ತಾಯ್ತು. ಬಾಯ್ಬಿಟ್ಟು ಕೇಳೋಕೆ ನಾಚಿಕೆ." ಮೆಕ್ಯಾನಿಕ್ ಕಡೆ ತಿರುಗಿದರು. "ಇನ್ನೊಂದು ವಾಲ್ವು ತೆರೆದ್ರೆ ಎಸಿ ಹಾಳಾಗುತ್ತೆ ಅಂದಿದ್ಯಲ್ಲಪ್ಪಾ. ಹಾಳಾಗಲಿ ಅಂತ ಮಾಡ್ದೆ. ಸಿಡಿಯುತ್ತೆ ಅಂತ ನೀನು ಹೇಳ್ಲಿಲ್ಲ."

"ಭಾವ ಹೆದರ್ತಾರೆ ಅಂತ ಹೇಳ್ಲಿಲ್ಲ ದೊಡ್ಡಕ್ಕ," ಎಂದು ಅವನು ಗೋಡೆಗೆ ಒರಗಿ ಬಿಕ್ಕಳಿಸಿದ. ಬಿಡುಗಡೆಯಾದ ಖುಷಿ ಅವನ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ.

"ಇವನ್ನ ಠಾಣೆಗೆ ಕರೀತಾರೆ ಅಂದಾಗ್ಲೇ ಹೇಳ್ಬೇಕಿತ್ತು," ಎಂದರು ದೊಡ್ಡಕ್ಕ. "ಎರಡು ಸಲ ಹೊಸ್ತಿಲ ತನಕ ಬಂದೆ. ಕಾಲು ಬರಲಿಲ್ಲ."

"ಜಾಗ ಸಾಲಲ್ಲ ಅಂತ ನಾನೇ ಅಂದಿದ್ದು," ಎಂದಳು ಮಾಸ್ತರ ಹೆಂಡತಿ. ಅವಳ ಮಾತು ಯಾರ ಕಿವಿಗೂ ಬಿದ್ದಂತೆ ಕಾಣಲಿಲ್ಲ.

ಇನ್‌ಸ್ಪೆಕ್ಟರು ಟೋಪಿ ಕೈಗೆ ತೆಗೆದುಕೊಂಡು, ಹೇಳಿಕೆ ಬರೆದುಕೊಳ್ಳಲೇಬೇಕು ಎಂದು ಮೆಲ್ಲಗೆ ಹೇಳಿದರು. ದೊಡ್ಡಕ್ಕ ಎದ್ದರು. ಆಗ ಮಾಸ್ತರು ಗಾಯವಿಲ್ಲದ ಎಡಗೈಯಿಂದ ಗಾಳಿಯಲ್ಲಿ ತಡಕಾಡಿದರು. ಕಂಪೌಂಡರ್ ಆ ಕೈಯನ್ನು ಹಿಡಿದು ಅಕ್ಕನ ಕೈಗೆ ಮುಟ್ಟಿಸಿದ.

"ಅಕ್ಕಾ, ಎಲ್ಲಿಗೂ ಹೋಗಬೇಡ. ನಿನ್ನ ನಾನು ಎಲ್ಲಿಗೂ ಕಳಿಸಲ್ಲ," ಎಂದರು ಮಾಸ್ತರು.

ದೊಡ್ಡಕ್ಕ ತಮ್ಮನ ಕಣ್ಣಿನ ಪಟ್ಟಿಯನ್ನೇ ನೋಡುತ್ತ ನಿಂತರು.

"ಈ ಮಾತನ್ನ ಶನಿವಾರ ಹೇಳೋಕೆ ನಿನಗೇನಾಗಿತ್ತೋ?" ಎಂದರು.