ಹುಲಿಗವ್ವ ನೋಡದ ಮೂರು ದಿನ

“ಈ ಮೂರು ದಿನ ಹೊಂದವಲ್ಲವು,” ಎಂದರು ವಿರುಪಣ್ಣ. “ಅಂದಮ್ಯಾಲೆ ನನ್ನ ವಿಚಾರಾನ ತಪ್ಪು.”

ಹುಲಿಗವ್ವ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಯಾವ ಮೂರು ದಿನ ಎಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ.

ನೂರಸಾಬ ಮಾಸ್ತರರು ತೊಡೆಯ ಮೇಲಿನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅವರು ಕುಕನೂರಿನ ಶಾಲೆಯಲ್ಲಿ ಲೆಕ್ಕ ಕಲಿಸುವವರು. “ತಡೀರಿ, ಇನ್ನೊಮ್ಮೆ ನೋಡೂಣು. ಉಳಿದ ದಿನ ಎಲ್ಲಾ ಹೊಂದ್ಯಾವ. ಗಾಳಿ ಹಗುರಾದಾಗ ಬಂಗಾರದ ಎಲಿ ಜಾಸ್ತಿ ಇಳದೈತಿ. ಭಾರಾದಾಗ ಕಮ್ಮಿ ಇಳದೈತಿ. ಬರೇ ಮೂರು ದಿನಕ್ಕ ಯಾಕ ವಿಚಾರ ಬಿಡ್ತೀರಿ?”

“ಎಂಟು ತಿಂಗಳಾಗ ಗಾಳಿ ಭಾಳ ಹಗುರಾಗಿದ್ದು ಇವ ಮೂರು ದಿನ, ಮಾಸ್ತರ. ನನ್ನ ವಿಚಾರ ಖರೇ ಇದ್ರ ಇಲ್ಲೇ ಕಾಣಬೇಕಿತ್ತು. ಇಲ್ಲೇ ಕಾಣಲಿಲ್ಲ ಅಂದ್ರ...”

ಮಾತು ಮುಗಿಯುವ ಮೊದಲೇ ಕೆಮ್ಮು ಬಂತು. ವಿರುಪಣ್ಣ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡರು. ಕೆಮ್ಮು ನಿಂತ ಮೇಲೆ ಬಟ್ಟೆಯನ್ನು ಮಡಚಿ ದಿಂಬಿನ ಕೆಳಗೆ ಇಟ್ಟರು. ಅದರ ಮೇಲೆ ಕೆಂಪು ಇತ್ತು.

“ಸೋಮವಾರದ ಟಪಾಲಿಗೆ ಬೆಂಗಳೂರಿಗೆ ನಮ್ಮ ಗುರುಗಳಿಗೆ ಬರೀತೀನಿ,” ಎಂದರು. “ನಂದು ತಪ್ಪಾತು ಅಂತ.”

ವಿರುಪಣ್ಣ ಹುಲಿಗವ್ವನ ಕಾಕಾ, ಅಪ್ಪನ ತಮ್ಮ. ಬೆಂಗಳೂರಿಗೆ ಹೋಗಿ ಭೌತಶಾಸ್ತ್ರ ಓದಿ, ಹೈದರಾಬಾದಿನ ಕಾಲೇಜೊಂದರಲ್ಲಿ ಕಲಿಸುತ್ತಿದ್ದರು. ಎದೆಗೆ ಕ್ಷಯ ತಗುಲಿತು. ಕೆಲಸ ಬಿಟ್ಟು, ಎರಡು ಪೆಟ್ಟಿಗೆ ಪುಸ್ತಕ ಮತ್ತು ಒಂದು ಹಿತ್ತಾಳೆ ಡಬ್ಬಿ ತೆಗೆದುಕೊಂಡು ಅಣ್ಣನ ಮನೆಗೆ ಬಂದರು. ಅಂದಿನಿಂದ ಓಣಿಯ ಜನ ಆ ಮನೆಗೆ ಬರುವುದನ್ನು ಬಿಟ್ಟರು.

ಇಬ್ಬರು ಮಾತ್ರ ಬರುತ್ತಿದ್ದರು, ನೂರಸಾಬ ಮಾಸ್ತರರು ಮತ್ತು ಓಬಳೆಪ್ಪ. ಓಬಳೆಪ್ಪ ಭಾನಾಪುರ ಸ್ಟೇಷನ್ನಿನಲ್ಲಿ ತಂತಿ ಕಳಿಸುವ ಕೆಲಸದವನು, ಸೈಕಲ್ ಮೇಲೆ ಬರುತ್ತಿದ್ದ. ಹೈದರಾಬಾದ್ ಸಂಸ್ಥಾನದಲ್ಲಿ ಶುಕ್ರವಾರ ಶಾಲೆಗೆ ರಜೆ. ಅವತ್ತು ಮೂವರೂ ಕಾಕಾನ ಕೋಣೆಯಲ್ಲಿ ಕೂಡುತ್ತಿದ್ದರು. ಕಾಕಾ ಕಿಟಕಿಯ ಪಕ್ಕ, ಉಳಿದವರು ದೂರದ ಗೋಡೆಗೆ. ಒಬ್ಬರು ಏನಾದರೂ ಓದಿ ಹೇಳಬೇಕು. ಉಳಿದವರು ‘ಅದು ಹೆಂಗ ಗೊತ್ತು?’ ಎಂದು ಕೇಳಬೇಕು. ಕಾಕಾ ಇದಕ್ಕೆ ಸೆಮಿನಾರ್ ಅನ್ನುತ್ತಿದ್ದರು. ಓಣಿಯ ಹುಡುಗರು ‘ಸಿಮ್ನಾರಿ, ಸಿಮ್ನಾರಿ’ ಎಂದು ನಗುತ್ತಿದ್ದರು.

“ಮೊದಲ ಇಂಥಾ ವಿಜ್ಞಾನದ ಕೆಲಸಕ್ಕ ಹಡಗ ಹತ್ತಿ ಪರದೇಶಕ್ಕ ಹೋಗಬೇಕಿತ್ತು,” ಎಂದು ಕಾಕಾ ಒಮ್ಮೆ ಅವಳಿಗೆ ಹೇಳಿದ್ದರು. “ಈಗ ಬೆಂಗಳೂರಾಗ ಮಾಡಾಕತ್ತಾರ, ಕಲ್ಕತ್ತಾದಾಗ ಮಾಡಾಕತ್ತಾರ. ಕುಕನೂರಾಗ ನಾವು ಮಾಡಾಕತ್ತೀವಿ.”

ನಾವು ಎಂದಾಗ ಅವರು ಹುಲಿಗವ್ವನ ಕಡೆ ನೋಡಿದ್ದರು.

ಹಿತ್ತಾಳೆ ಡಬ್ಬಿ ನಡುಮನೆಯ ಕತ್ತಲೆ ಮೂಲೆಯಲ್ಲಿತ್ತು. ಅದರೊಳಗೆ ಬಂಗಾರದ ತೆಳ್ಳನೆ ಎಲೆಯೊಂದು ತೂಗುತ್ತಿತ್ತು. ಉಸಿರು ತಾಗಿದರೂ ಹರಿಯುವಷ್ಟು ತೆಳ್ಳಗೆ. ಕರಿಯ ಕೋಲೊಂದನ್ನು ಕಂಬಳಿಗೆ ತಿಕ್ಕಿ ಡಬ್ಬಿಯ ಮೇಲಿನ ಗುಂಡಿಗೆ ಮುಟ್ಟಿಸಿದರೆ ಎಲೆ ರೆಕ್ಕೆಯಂತೆ ಏಳುತ್ತಿತ್ತು. ಆಮೇಲೆ ನಿಧಾನವಾಗಿ ಇಳಿಯುತ್ತಿತ್ತು. ಕಣ್ಣಿಗೆ ಕಾಣದ ಕಿರಣಗಳು ಆಕಾಶದಿಂದ ಮಾಳಿಗೆ ತೂರಿ ಬಂದು ಅದನ್ನು ಇಳಿಸುತ್ತವೆ ಎನ್ನುತ್ತಿದ್ದರು ಕಾಕಾ. ಮೇಲಿನ ಗಾಳಿ ಭಾರವಾದರೆ ಕಿರಣಗಳಿಗೆ ತಡೆ. ಹಗುರಾದರೆ ಕಿರಣ ಹೆಚ್ಚು, ಎಲೆ ಇಳಿಯುವುದೂ ಹೆಚ್ಚು. ಇದೇ ಅವರ ವಿಚಾರ.

ಗಾಳಿಯ ಭಾರ ತೋರಿಸುವ ಯಂತ್ರ ಅವರ ಹಾಸಿಗೆಯ ಪಕ್ಕದ ಗೋಡೆಯಲ್ಲಿತ್ತು. ಅದನ್ನು ಅವರೇ ನೋಡಿ ಬರೆಯುತ್ತಿದ್ದರು. ಎಲೆ ನೋಡುವುದು ಹುಲಿಗವ್ವನ ಕೆಲಸ, ಯಾಕೆಂದರೆ ಕಾಕಾನ ಕೈ ನಡುಗುತ್ತಿತ್ತು. ಬೆಳಿಗ್ಗೆ ಏಳಕ್ಕೆ ಎಲೆ ಏಳಿಸಬೇಕು. ಒಂಬತ್ತಕ್ಕೆ ಒಳಗಿನ ಅಳತೆಪಟ್ಟಿಯ ಮೇಲೆ ಎಷ್ಟು ಗೆರೆ ಇಳಿದಿದೆ ಎಂದು ಭೂತಗನ್ನಡಿಯಲ್ಲಿ ನೋಡಿ ಬುಕ್ಕಿನಲ್ಲಿ ಬರೆಯಬೇಕು. ಆಮೇಲೆ ಶಾಲೆ.

ಎಂಟು ತಿಂಗಳು ಅವಳು ನೋಡಿದಳು. ಆ ಮೂರು ದಿನ ಮಾತ್ರ ನೋಡಲಿಲ್ಲ.

ಆ ಮೂರು ದಿನ ಜೋರು ಮಳೆ. ಅವಳ ತಮ್ಮ ಗಿಡ್ಡಪ್ಪನಿಗೆ ಚಳಿಜ್ವರ ಮೂರನೇ ಸಲ ಮರುಕಳಿಸಿತ್ತು. ಕ್ವಿನೈನ್ ಗುಳಿಗೆ ತರಲು ಅಪ್ಪ ಕೊಪ್ಪಳಕ್ಕೆ ಹೋದವನು ಹಳ್ಳ ತುಂಬಿ ಆಚೆಯೇ ಉಳಿದ. ಅವ್ವ ಉಡಚಮ್ಮ ಮಗನನ್ನು ತೊಡೆಯಿಂದ ಇಳಿಸಲಿಲ್ಲ. ಹುಲಿಗವ್ವ ಬಟ್ಟೆ ತೋಯಿಸಿ ತೋಯಿಸಿ ಅವನ ಹಣೆಗೆ ಹಾಕುತ್ತಿದ್ದಳು. ಕಾಕಾನಿಗೆ ಮಗುವಿನ ಹತ್ತಿರ ಬರುವ ಹಾಗಿರಲಿಲ್ಲ.

ಗೋಡೆಯಾಚೆಯಿಂದ ಅವರ ದನಿ ಬಂತು. “ಹುಲಿಗವ್ವಾ, ಎಲಿ ನೋಡಿದೇನು?”

“ಹ್ಞೂಂ, ಕಾಕಾ.”

“ಎಷ್ಟು?”

“ಎಂಬತ್ತು.”

ಹಿಂದಿನ ದಿನ ಎಂಬತ್ತಿತ್ತು. ಅದನ್ನೇ ಹೇಳಿದಳು. ಮರುದಿನವೂ ಎಂಬತ್ತು ಎಂದಳು. ಮೂರನೆಯ ದಿನ ಬೆಳಕು ಹರಿಯುವಾಗ ಗಿಡ್ಡಪ್ಪ ತೀರಿಕೊಂಡ. ಅವನಿಗೆ ಮಣ್ಣು ಕೊಟ್ಟು ಜನ ಹೋದ ಮೇಲೆ ಕಾಕಾ ಮತ್ತೆ ಕೇಳಿದರು. ಎಂಬತ್ತೊಂದು ಎಂದಳು. ಮೂರು ಸಲವೂ ಅದೇ ಎಂದರೆ ಗೊತ್ತಾದೀತು ಎಂಬ ಹೆದರಿಕೆಗೆ ಒಂದು ಹೆಚ್ಚಿಸಿದ್ದಳು. ಬುಕ್ಕಿನಲ್ಲೂ ಹಾಗೇ ಬರೆದಳು.

ಈಗ ಆ ಎಂಬತ್ತು, ಎಂಬತ್ತು, ಎಂಬತ್ತೊಂದು, ಗಾಳಿ ಹಗುರಾದರೂ ಎಲೆ ಹೆಚ್ಚು ಇಳಿಯಲಿಲ್ಲ ಎನ್ನುತ್ತ ಕಾಕಾನ ಹಾಳೆಯ ಮೇಲೆ ಕೂತಿದ್ದವು.

ಶನಿವಾರ ಅವಳಿಗೆ ಊಟ ಸೇರಲಿಲ್ಲ. ಭಾನುವಾರ ಸಂಜೆ ಅವ್ವ ರೊಟ್ಟಿ ಬಡಿಯುತ್ತಿದ್ದಾಗ ಒಲೆಯ ಮುಂದೆ ಬಂದು ಕೂತಳು.

“ಯವ್ವಾ, ಬುಕ್ಕಿನಾಗ ಸುಳ್ಳ ಬರದ್ರ ಏನಾಕ್ಕೈತಿ?”

“ಯಾವ ಬುಕ್ಕು?”

“ಯಾವುದರೆ.”

ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲೆ ನೀರು ಸವರಿದಳು.

“ಗಿಡ್ಡ್ಯಾ ಹೋದಾಗ ಪಟವಾರಿ ಸರ್ಕಾರದ ಬುಕ್ಕಿನಾಗ ಹೆಸರು ಬರಕೊಳ್ಳಾಕ ಬಂದಿದ್ದ,” ಎಂದಳು. “ವಯಸ್ಸು ಮೂರು ಅಂತ ಬರದ. ನಾಕು ತುಂಬಿತ್ತು. ನನಗ ಬಾಯಿ ಬರಲಿಲ್ಲ, ಸುಮ್ನ ಕುಂತೆ. ಈಗ ಯಾರನ್ನ ಹೋಗಿ ಕೇಳಲಿ? ನನ್ನ ಮಗಾ ಒಂದು ವರ್ಷ ಇರಲೇ ಇಲ್ಲ ಅಂದಂಗಾತು.”

ಗಿಡ್ಡಪ್ಪ ಹೋದ ಮೇಲೆ ಅವ್ವ ಅವನ ಹೆಸರು ಹೇಳಿದ್ದು ಅದೇ ಮೊದಲು. ರೊಟ್ಟಿ ಒಂದು ಬದಿ ಕರಕಾಯಿತು. ಅವ್ವ ನೋಡಲಿಲ್ಲ.

ಹುಲಿಗವ್ವ ಎದ್ದು ಕಾಕಾನ ಕೋಣೆಗೆ ಹೋದಳು. ಕಾಕಾ ಕಂದೀಲಿನ ಬೆಳಕಿನಲ್ಲಿ ಲಕೋಟೆಯ ಮೇಲೆ ವಿಳಾಸ ಬರೆಯುತ್ತಿದ್ದರು. ಎರಡಕ್ಷರಕ್ಕೊಮ್ಮೆ ಕೈ ನಿಲ್ಲುತ್ತಿತ್ತು.

“ದೂರ ನಿಂದ್ರು,” ಎಂದರು, ಯಾವಾಗಲೂ ಹೇಳುವ ಹಾಗೆ.

ಅವಳು ಹೊಸ್ತಿಲಲ್ಲೇ ನಿಂತಳು. “ಕಾಕಾ, ನಾ ಆ ಮೂರು ದಿನ ಎಲಿ ನೋಡಿಲ್ಲ.”

ಲೇಖನಿ ನಿಂತಿತು.

“ಎಂಬತ್ತು ಅಂದಿದ್ದು ಸುಳ್ಳು. ಎಂಬತ್ತೊಂದೂ ಸುಳ್ಳು. ಡಬ್ಬಿ ಹತ್ರ ನಾ ಹೋಗೇ ಇಲ್ಲ.”

ಅವರು ಬೈಯುತ್ತಾರೆಂದು ಅವಳು ಕಾದಳು. ಬೈದಿದ್ದರೆ ಅತ್ತುಬಿಡಬಹುದಿತ್ತು. ಕಾಕಾ ಬುಕ್ಕು ತೆಗೆದು, ಆ ಪುಟ ಹುಡುಕಿ, ಬೆರಳಿಟ್ಟು ತಾರೀಖು ನೋಡಿದರು. ತುಂಬ ಹೊತ್ತು ನೋಡಿದರು.

“ಇದು ಗಿಡ್ಡ್ಯಾ ಹೋದ ದಿನ,” ಎಂದರು.

“ಹೌದು.”

“ಅವತ್ತೂ ನಾ ನಿನಗ ಕೇಳಿದ್ನೇನು, ಎಲಿ ನೋಡಿದೇನು ಅಂತ?”

“ಕೇಳಿದ್ದಿ.”

ಕಾಕಾ ಗೋಡೆಯ ಕಡೆ ಮುಖ ತಿರುಗಿಸಿದರು. ಆ ಸಲ ಕೆಮ್ಮು ಬರಲಿಲ್ಲ. ಆದರೂ ಅವರ ಬೆನ್ನು ಅಲುಗುತ್ತಿತ್ತು. ಹುಲಿಗವ್ವ ಹೋಗಬೇಕೋ ನಿಲ್ಲಬೇಕೋ ತಿಳಿಯದೆ ನಿಂತಳು.

ಕೊನೆಗೆ ಅವರು ಈ ಕಡೆ ತಿರುಗಿ, ಆ ಮೂರು ಅಂಕಿಗಳ ಮೇಲೆ ಒಂದೊಂದು ಗೆರೆ ಎಳೆದು, ಪಕ್ಕದಲ್ಲಿ ‘ನೋಡಿಲ್ಲ’ ಎಂದು ಬರೆದರು. ಬರೆದಿಟ್ಟ ಪತ್ರ ಹರಿದರು.

“ಶುಕ್ರವಾರ ಸೆಮಿನಾರದಾಗ ನೀನ ಹೇಳಬೇಕು,” ಎಂದರು. “ನಾ ಹೇಳೂದಿಲ್ಲ.”

ಶುಕ್ರವಾರ ಅವಳು ಹೇಳಿದಳು. ಗೋಡೆಗೆ ಬೆನ್ನು ಹಚ್ಚಿ ನಿಂತು, ಕಾಲ ಹೆಬ್ಬೆರಳು ನೋಡುತ್ತ, ಎಲ್ಲ ಹೇಳಿದಳು. ಓಬಳೆಪ್ಪ “ಪಾಪ, ಕೂಸು” ಎಂದ. ನೂರಸಾಬ ಮಾಸ್ತರರು ಹಾಳೆಯನ್ನು ನಿಧಾನವಾಗಿ ಸುತ್ತಿದರು.

“ಹಂಗಾದ್ರ ನಿಮ್ಮ ವಿಚಾರ ತಪ್ಪಲ್ಲ, ವಿರುಪಣ್ಣ,” ಎಂದರು. ಆಮೇಲೆ ದನಿ ತಗ್ಗಿಸಿ, “ಖರೇ ಅನ್ನಾಕೂ ಬರೂದಿಲ್ಲ. ಮೂರು ದಿನ ನೋಡಲಾರದ ಬರದಾಳ. ಉಳಿದ ದಿನ ನೋಡ್ಯಾಳ ಅನ್ನೂದು ಹೆಂಗ ಗೊತ್ತು?” ಎಂದರು.

“ನೋಡೀನ್ರಿ ಮಾಸ್ತರ,” ಎಂದಳು ಹುಲಿಗವ್ವ. “ದಿನಾ ನೋಡೀನ್ರಿ.”

ಅವಳು ಕಾಕಾನ ಮುಖ ನೋಡಿದಳು.

“ನಾ ಆಕೀನ್ನ ನಂಬತೀನಿ,” ಎಂದರು ಕಾಕಾ. “ಆದ್ರ ಬೆಂಗಳೂರಿನವ್ರು ಆಕೀನ್ನ ನೋಡಿಲ್ಲ. ಅವರಿಗೆ ಕಾಣೂದು ಬುಕ್ಕು ಒಂದ. ಈ ಎಂಟು ತಿಂಗಳದ್ದು ಬಿಡೂಣು. ಹೊಸದಾಗಿ ಸುರು ಮಾಡೂಣು. ದಿನಾ ಇಬ್ಬರು ನೋಡಬೇಕು. ಒಬ್ಬರು ಬರದದ್ದು ಇನ್ನೊಬ್ಬರಿಗೆ ಕಾಣಬಾರದು.”

“ಮತ್ತ ಎಂಟು ತಿಂಗಳಾ?” ಎಂದ ಓಬಳೆಪ್ಪ. ಎಂದಮೇಲೆ ತಲೆ ತಗ್ಗಿಸಿದ.

ಕಾಕಾನ ಹತ್ತಿರ ಎಂಟು ತಿಂಗಳು ಇಲ್ಲವೆಂದು ಅಲ್ಲಿದ್ದ ದೊಡ್ಡವರಿಗೆಲ್ಲ ಗೊತ್ತಿತ್ತು. ಹುಲಿಗವ್ವನಿಗೆ ಅದು ತಿಳಿದದ್ದು ಆ ಕ್ಷಣದಲ್ಲಿ, ಓಬಳೆಪ್ಪನ ತಗ್ಗಿದ ತಲೆ ನೋಡಿ. ಗಿಡ್ಡಪ್ಪನ ಹಣೆಯ ಬಿಸಿ ಅವಳ ಅಂಗೈಗೆ ಮತ್ತೆ ತಾಗಿದ ಹಾಗಾಯಿತು.

ಮರುದಿನದಿಂದ ನೂರಸಾಬ ಮಾಸ್ತರರು ಶಾಲೆಗೆ ಹೋಗುವ ಮುಂಚೆ ದಿನಾ ಬಂದರು. ಮೊದಲು ಹುಲಿಗವ್ವ ನೋಡಿ ಒಂದು ಚೀಟಿಯಲ್ಲಿ ಬರೆಯುವಳು. ಆಮೇಲೆ ಮಾಸ್ತರರು ನೋಡಿ ಇನ್ನೊಂದರಲ್ಲಿ ಬರೆಯುವರು. ಎರಡನ್ನೂ ಕಾಕಾ ಬುಕ್ಕಿಗೆ ಇಳಿಸುವರು. ಮೊದಲ ತಿಂಗಳು ಮಾಸ್ತರರು ಅವಳೊಡನೆ ಹೆಚ್ಚು ಮಾತಾಡಲಿಲ್ಲ. ಎರಡನೇ ತಿಂಗಳು ಒಂದು ದಿನ ಅವಳದು ಎಪ್ಪತ್ತೊಂಬತ್ತು, ಅವರದು ಎಂಬತ್ತು ಬಂತು. ಅವರು ಮತ್ತೊಮ್ಮೆ ಬಗ್ಗಿ ನೋಡಿ, “ನಿನ್ನ ಕಣ್ಣು ಛಲೋ ಐತಿ. ನನಗ ಚಾಳೀಸು ಬಂದೈತಿ,” ಎಂದರು. ಆದರೂ ಎಂಬತ್ತನ್ನು ತಿದ್ದಲಿಲ್ಲ.

ಮೂರನೇ ತಿಂಗಳು ಕಾಕಾನಿಗೆ ಬುಕ್ಕು ಹಿಡಿಯಲು ಆಗಲಿಲ್ಲ. ಮಲಗಿದಲ್ಲೇ ಯಂತ್ರದ ಮುಳ್ಳು ನೋಡಿ ಬಾಯಲ್ಲಿ ಹೇಳುತ್ತಿದ್ದರು, ಹುಲಿಗವ್ವ ಹೊಸ್ತಿಲಲ್ಲಿ ಕೂತು ಬರೆದುಕೊಳ್ಳುತ್ತಿದ್ದಳು. ಕೇಳಿಸದಿದ್ದರೆ ಮತ್ತೆ ಕೇಳುತ್ತಿದ್ದಳು. ಕಾಕಾ ಮತ್ತೆ ಹೇಳುತ್ತಿದ್ದರು.

ಶಿವರಾತ್ರಿಯ ಹಿಂದಿನ ಬುಧವಾರ ಕಾಕಾ ತೀರಿಕೊಂಡರು.

ಶುಕ್ರವಾರ ಬೆಳಿಗ್ಗೆ ನೂರಸಾಬ ಮಾಸ್ತರರೂ ಓಬಳೆಪ್ಪನೂ ಬಂದರು. ಕಾಕಾನ ಹಾಸಿಗೆ ಸುಟ್ಟು ಹಾಕಿದ್ದರು. ಕಿಟಕಿಯ ಪಕ್ಕ ಬರಿ ನೆಲ ಇತ್ತು. ಆದರೂ ಇಬ್ಬರೂ ದೂರದ ಗೋಡೆಗೇ ಕೂತರು. ಉಡಚಮ್ಮ ನೀರು ತಂದಿಟ್ಟು ಬಾಗಿಲಲ್ಲಿ ನಿಂತಳು. ಯಾರೂ ಏನೂ ಓದಲಿಲ್ಲ, ಏನೂ ಕೇಳಲಿಲ್ಲ.

ಹುಲಿಗವ್ವ ಬುಕ್ಕು ತಂದು ಮಾಸ್ತರರ ಮುಂದೆ ಇಟ್ಟಳು. ಅವರು ತೆರೆದರು. ಮಂಗಳವಾರದವರೆಗೆ ತುಂಬಿತ್ತು. ಬುಧವಾರ, ಗುರುವಾರ ಖಾಲಿ.

ಮಾಸ್ತರರು ಲೇಖನಿಯ ಮುಚ್ಚಳ ತೆಗೆದರು. ಅವರ ಕಣ್ಣು ಕೆಂಪಾಗಿತ್ತು.

“ಮಂಗಳವಾರ ಎಂಬತ್ತೊಂದು ಐತಿ,” ಎಂದರು. “ಈ ಎರಡು ದಿನಕ್ಕೂ ಹಂಗ ಹಾಕಿದ್ರ ಯಾರೂ ಏನೂ ಅನ್ನೂದಿಲ್ಲ. ಅವರ ಬುಕ್ಕು. ಅವರು ಹೋದ ದಿನ ಖಾಲಿ ಇರಬಾರದು.”

ಹುಲಿಗವ್ವ ತಲೆ ಅಲ್ಲಾಡಿಸಿದಳು.

“ಬ್ಯಾಡ್ರಿ ಮಾಸ್ತರ. ಅವತ್ತ ಯಾರೂ ನೋಡಿಲ್ರಿ.”

ಮಾಸ್ತರರು ಅವಳನ್ನು ನೋಡಿದರು. ಲೇಖನಿಯನ್ನು ಅವಳ ಕೈಗೆ ಕೊಟ್ಟರು. ಅವಳು ಬುಕ್ಕಿನ ಮುಂದೆ ಕೂತು, ಎರಡೂ ದಿನದ ಮುಂದೆ ‘ನೋಡಿಲ್ಲ’ ಎಂದು ಬರೆದಳು. ಬುಧವಾರದ ಮುಂದೆ ‘ಕಾಕಾ ತೀರಿಕೊಂಡರು. ವಯಸ್ಸು ಮೂವತ್ನಾಲ್ಕು’ ಎಂದೂ ಬರೆದಳು. ಬರೆದು ಅವ್ವನ ಮುಖ ನೋಡಿದಳು. ಅವ್ವ ಹೌದೆಂದು ತಲೆ ಆಡಿಸಿದಳು.

“ಒಂಬತ್ತಾತು,” ಎಂದ ಓಬಳೆಪ್ಪ.

ಹುಲಿಗವ್ವ ನಡುಮನೆಗೆ ಹೋಗಿ ಡಬ್ಬಿಯ ಮುಂದೆ ಮಂಡಿಯೂರಿದಳು. ಏಳಕ್ಕೆ ಅವಳೇ ಎಲೆ ಏಳಿಸಿ ಇಟ್ಟಿದ್ದಳು. ಭೂತಗನ್ನಡಿಯೊಳಗೆ ಅದು ಕೂದಲಿನ ಗೆರೆಯಷ್ಟು ಸಣ್ಣಗೆ ಹೊಳೆಯುತ್ತಿತ್ತು. ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದು ಅದಕ್ಕೆ ಗೊತ್ತಿರಲಿಲ್ಲ. ತನ್ನ ಪಾಡಿಗೆ ತಾನು ಇಳಿಯುತ್ತಿತ್ತು.

ಅವಳು ಉಸಿರು ಬಿಗಿಹಿಡಿದು ಗೆರೆಗಳನ್ನು ಎಣಿಸಿದಳು. ಕಣ್ಣು ಮಂಜಾಯಿತು. ಲಂಗದ ಅಂಚಿನಿಂದ ಒರೆಸಿಕೊಂಡು ಮೊದಲಿನಿಂದ ಎಣಿಸಿದಳು.